ಒಣಕಲ್ಲೇ ಸೈ

...ಅಯ್ಯೋ, ಮೂಸ್ತಾ ಇದ್ದೀಯಲ್ಲೇ ಅಕ್ಕಾ! ಕಲ್ಲನ್ನ ಯಾರಾದ್ರೂ ಮೂಸಿ ನೋಡ್ತಾರಾ? ಹಣ್ಣಿನಂಗಡೀಲಿ ನಿಂತಿದ್ದೀಯಾ ಏನು? ಇಡು ಕೆಳಗೆ. ಇಡು ಅಂದೆ! ಬಸ್ಸಿಳಿದವಳು ಹೆಗಲಿನ ಚೀಲ ಕೂಡ ಇಳಿಸಿಲ್ಲ, ಸೀದಾ ಇಲ್ಲಿಗೇ ಬಂದುಬಿಟ್ಟಿದ್ದೀಯ. ಮೊದಲು ಕೂತು ನೀರು ಕುಡಿ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕೂ ಎಲ್ಲಿಗೂ ಓಡಿಹೋಗಲ್ಲ, ಈ ಖಾಲಿ ಗಾಜಿನ ಮೀನುತೊಟ್ಟೀನೂ ಓಡಿಹೋಗಲ್ಲ.

ಏನು ಹಾಗೆ ನೋಡ್ತೀಯಾ? ಹೌದು, ಒಣಕಲ್ಲು. ಡ್ರೈ ರಾಕ್. ನಾನೇ ಆರಿಸಿದೆ, ನಾನೇ ಹೊತ್ತು ತಂದೆ. ನೀನು ಫೋನಲ್ಲಿ ಹೇಳಿದ್ದು ಕೇಳಿಸ್ತು ಕಣೇ, ನಾನೇನು ಕಿವುಡನಾ? 'ಹಳೇ ತೊಟ್ಟಿಯ ಲೈವ್ ರಾಕ್ ಎಲ್ಲಾ ಒದ್ದೆ ಗೋಣಿಯಲ್ಲಿ ಸುತ್ತಿ ಕ್ಲಿನಿಕ್ಕಿಗೆ ತಂದಿಡು, ನಾನು ಬಂದು ಜೋಡಿಸ್ತೀನಿ.' ಕೇಳಿಸ್ಕೊಂಡೆ, ಯೋಚನೆ ಮಾಡಿದೆ, ತರಲಿಲ್ಲ. ಯಾಕೆ ಹುಬ್ಬು ಹಾರಿಸ್ತೀಯಾ? ನಾನೂ ಯೋಚನೆ ಮಾಡ್ತೀನಿ. ವರ್ಷಕ್ಕೊಂದು ಸಲ. ಈ ವರ್ಷದ್ದು ಇದು.

ಲೈವ್ ರಾಕ್ ಅಂತೆ! ಜೀವ ಇರೋ ಕಲ್ಲಂತೆ! ಆರು ವರ್ಷದಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಕಣ್ಣಿಗೆ ಕಾಣದ ಲಕ್ಷಾಂತರ ಜೀವಿಗಳು ಅದರ ಸಂದಿಗೊಂದೀಲಿ ಕೂತು ಮೀನಿನ ಗಲೀಜೆಲ್ಲಾ ತಿಂದು ನೀರು ಶುದ್ಧ ಮಾಡ್ತವೆ... ಗೊತ್ತು, ಗೊತ್ತು. ಒಂಬತ್ತನೇ ಕ್ಲಾಸಿಗೆ ಸ್ಕೂಲು ನನ್ನನ್ನ ಬಿಟ್ಟು ಹೋಯ್ತು ನಿಜ, ಹಾಗಂತ ಮಿದುಳನ್ನ ಅಲ್ಲೇ ಬಿಟ್ಟು ಬಂದಿಲ್ಲ. ಆದರೆ ಆ ಕಲ್ಲಿನ ಜೊತೆ ಇನ್ನೂ ಏನೇನು ಬರುತ್ತೆ ಅಂತ ಯಾರಿಗಾದ್ರೂ ಹೇಳಿದ್ದೀಯಾ? ಮುಳ್ಳುಹುಳ! ಏಡಿ! ಹಲ್ಲು ಕೀಳಿಸ್ಕೊಳ್ಳೋಕೆ ಬಂದ ಮುದುಕಿ ಈ ಸೋಫಾ ಮೇಲೆ ಕೂತು, ಆಹಾ ಎಷ್ಟು ಚೆಂದ ಅಂತ ಬಗ್ಗಿ ನೋಡೋದು, ಕಲ್ಲೊಳಗಿಂದ ಗೇಣುದ್ದದ ಹುಳ ಮೂತಿ ಹೊರಗೆ ಹಾಕೋದು! ಒಳಗೆ ಹೋಗೋದೇ ಬೇಡ, ಹಲ್ಲು ಇಲ್ಲೇ ಉದುರಿ ಬೀಳುತ್ತೆ.

ನಗು ಬರಲಿಲ್ವಾ? ಒಳ್ಳೇ ಜೋಕು ಅದು. ದಾರಿಯುದ್ದಕ್ಕೂ ಅಭ್ಯಾಸ ಮಾಡ್ಕೊಂಡು ಬಂದಿದ್ದೆ.

ಈ ಕಲ್ಲು ನೋಡು, ಎಷ್ಟು ಹಗುರ! ಎಷ್ಟು ಬಿಳಿ! ಹುಳ ಇಲ್ಲ, ಹುಪ್ಪಟೆ ಇಲ್ಲ, ಒದ್ದೆ ಗೋಣಿಯ ರಗಳೆ ಇಲ್ಲ. ಬೇಕಾದ ಹಾಗೆ ಕೊರಿ, ಬೇಕಾದ ಹಾಗೆ ಅಂಟಿಸು. ಬಣ್ಣದ ಮೀನಿನ ಅಂಗಡಿ ಬೋಳಣ್ಣ ಹಾಗೇ ಕೊಟ್ಟ. ಹೂಂ, ಹಾಗೇ. ಯಾಕೆ, ನನ್ನ ಮೇಲೆ ಯಾರಿಗೂ ಪ್ರೀತಿ ಇರಬಾರದಾ? ಹೋದ ತಿಂಗಳು ಅವನ ಅಂಗಡಿ ಬಾಗಿಲಿಗೆ 'ಇಲ್ಲಿ ಕೂದಲು ಕತ್ತರಿಸಲಾಗುತ್ತದೆ' ಅಂತ ಬೋರ್ಡು ಹಾಕಿದ್ದು ನಾನೇ ಅಂತ ಅವನಿಗಿನ್ನೂ ಗೊತ್ತಿಲ್ಲ.

ಹದಿನೈದು ದಿನಾನಾ? ಹಾಂ... ಅದು ಒಂದಿದೆ. ಹದಿನೈದು ದಿನದಲ್ಲಿ ಕ್ಲಿನಿಕ್ಕು ಶುರು, ಅವತ್ತಿಗೆ ತೊಟ್ಟೀಲಿ ಮೀನು ಆಡ್ತಾ ಇರಬೇಕು ಅಂತ ಡಾಕ್ಟರಮ್ಮ ಹೇಳಿದ್ದು ನನಗೂ ನೆನಪಿದೆ. ನಿನ್ನ ಕೈಗೆ ಸಿಕ್ಕ ಮೊದಲನೇ ಕೆಲಸ ಅನ್ನೋದೂ ನೆನಪಿದೆ. ಇದು ಚೆನ್ನಾಗಾದ್ರೆ ಅವರ ಗೆಳತಿ, ಆ ಕಣ್ಣಿನ ಡಾಕ್ಟರು, ಅವರ ತೊಟ್ಟಿ ಕೆಲಸಾನೂ ನಿನಗೇ ಹೇಳ್ತಾರೆ ಅನ್ನೋದೂ ನೆನಪಿದೆ. ಒಣಕಲ್ಲಾದ್ರೆ ಅದಕ್ಕೆ ಜೀವ ಬರೋಕೆ ಎರಡು ತಿಂಗಳು, ಮೂರು ತಿಂಗಳು... ಬರಲಿ ಬಿಡು! ಕಾಯಲಿ! ಹಲ್ಲಿನ ಆಸ್ಪತ್ರೇಲಿ ಎಲ್ಲರೂ ಕಾಯೋಕೆ ತಾನೇ ಬರೋದು? ಅದಕ್ಕೇ ಅಲ್ವಾ ಈ ಸೋಫಾ?

ನಿನ್ನ ಹಳೇ ಕಲ್ಲಾ? ಇದೆ. ಮನೇಲಿದೆ. ಹಿತ್ತಲ ನೀಲಿ ಡ್ರಮ್ಮಲ್ಲಿ, ಉಪ್ಪುನೀರಲ್ಲಿ, ಪಂಪು ಗುಳುಗುಳು ಅಂತಿದೆ. ಆರಾಮಾಗಿದೆ. ನೀನು ದೊಡ್ಡಮ್ಮನ ಕಾಲಿನ ಆಪರೇಷನ್ನಿಗೆ ಅಂತ ಹೋದಾಗಿಂದ ದಿನಾ ಮೂರು ಹೊತ್ತು ಹೋಗಿ ಮಾತಾಡಿಸಿ ಬರ್ತೀನಿ. ಊಟ ಆಯ್ತಾ ಅಂತ ಕೇಳ್ತೀನಿ. ಹಾಗೆ ಸುಖವಾಗಿರೋದನ್ನ ಯಾಕೆ ಇಲ್ಲಿಗೆ ತಂದು, ಹಲ್ಲು ಕೊರೆಯೋ ಮಿಷನ್ನಿನ ಸದ್ದಲ್ಲಿ... ಏಯ್, ಏನು ಮಾಡ್ತಿದ್ದೀಯಾ?

ಜೋಡಿಸ್ತೀಯಾ? ಈಗ್ಲೇ? ಮೊದಲು ಕೈಕಾಲು ತೊಳ್ಕೋ... ಸರಿ, ಜೋಡಿಸು. ಹಠ ಹಿಡಿದರೆ ನಿನ್ನನ್ನ ತಡೆಯೋರುಂಟಾ. ದೊಡ್ಡದು ಕೆಳಗೆ. ಹಾಂ. ಅದರ ಎಡಕ್ಕೆ ಮೂರು ತೂತಿನದು. ಹಾಂ... ಬೇಗ ಬೇಗ ಇಡ್ತೀಯಲ್ಲೇ! ತಿರುಗಿಸಿ ಮುರುಗಿಸಿ ನೋಡೋದೇ ಬೇಡ್ವಾ? ಹೊಸ ಕಲ್ಲು ಅದು, ಎಲ್ಲಿ ಕೂರುತ್ತೆ ಎಲ್ಲಿ ಕೂರಲ್ಲ ಅಂತ... ಅಲ್ಲ, ಕೂತುಕೊಳ್ತು. ಅದೂ ಕೂತುಕೊಳ್ತು. ಕೈ ಪಳಗಿದೆ ನಿಂದು, ಅದಕ್ಕೇ. ಆರು ವರ್ಷದ ಅಭ್ಯಾಸ ಅಂದ್ರೆ ಸುಮ್ಮನೇನಾ?

ಆ ಉದ್ದದ್ದು ಬೇಡ ಅಕ್ಕಾ. ಅದನ್ನ ಮೇಲೆ ಸೇತುವೆ ಥರ ಇಡಬೇಡ. ಬೀಳುತ್ತೆ. ಬೀಳು... ಹೂಂ. ಬೀಳಲಿಲ್ಲ.

ಆ ಗೀರಾ? ಅದು ಮೊದಲೇ ಇತ್ತು. ಅಂಗಡಿಯವರೇ ಹಾಗೆ ಉಳಿಯಲ್ಲಿ ಗೀರಿ ಕೊಡ್ತಾರೆ, ಒಂದರ ಮೇಲೊಂದು ಕೂರಲಿ ಅಂತ. ಎಲ್ಲಾ ಕಲ್ಲಿಗೂ ಹಾಗೇ ಇರುತ್ತೆ. ಬೋಳಣ್ಣನೇ ಗೀರಿದ್ದು. ಬೇಕಾದ್ರೆ ಕೇಳು. ಇವತ್ತು ಬೇಡ, ಇವತ್ತು ಅಂಗಡಿ ರಜ.

ಆ ತೂತಲ್ಲಿ ಏನು ಇಣುಕ್ತೀಯಾ? ಏನೂ ಇಲ್ಲ ಅದರಲ್ಲಿ. ಬೆರಳು ಹಾಕಬೇಡ. ಇಲ್ಲ ಅಂದ್ನಲ್ಲಾ, ನಾನು ಟಾರ್ಚು ಬಿಟ್ಟು ನೋಡಿದ್ದೀನಿ, ಕಾಲಪ್ಪ ಒಳಗಿಲ್ಲ...

ಅಂದ್ರೆ... ಯಾವ ಕಾಲಪ್ಪ ಅಂದ್ರೆ... ಆ ಥರ ಐದು ಕಾಲಿನ ನಕ್ಷತ್ರಮೀನು ಯಾವ ಕಲ್ಲಲ್ಲಿ ಬೇಕಾದ್ರೂ ಇರಬಹುದಲ್ವಾ ಅಂತ, ಒಂದು ಮಾತಿಗೆ...

ಏಯ್. ಯಾಕೆ ಜೋಡಿಸೋದು ಬಿಟ್ಟು ಕೂತ್ಬಿಟ್ಟೆ? ಹೀಗೆ ನೆಲದ ಮೇಲೆ ಕೂರಬೇಡ, ಯಾರಾದ್ರೂ ಬಂದ್ರೆ ಏನಂದ್ಕೋತಾರೆ? ಅಕ್ಕಾ. ಅಕ್ಕೋ. ಬೈ ಬೇಕಾದ್ರೆ. 'ಕೋತಿ' ಅನ್ನು. ನಿನಗಿಷ್ಟವಾದದ್ದು ಅದೇ ತಾನೇ? ಅನ್ನು!

ಹೌದು! ಅದೇ ಕಲ್ಲು! ನಿನ್ನ ಕಲ್ಲೇ! ಏನೀಗ?

ಬೇಕು ಅಂತ ಮಾಡಿದ್ನಾ ನಾನು? ಶುಕ್ರವಾರ ಮಧ್ಯಾಹ್ನ... ಪಕ್ಕದ ಮನೆ ಗೊರಕೆ ಮೇಷ್ಟ್ರಿದ್ದಾರಲ್ಲ, ಅವರ ಗೊರಕೆ ರೆಕಾರ್ಡ್ ಮಾಡ್ಕೊಂಡಿದ್ದೆ. ಅವರ ಕಿಟಕಿ ಕೆಳಗೆ ಬಕೆಟ್ಟೊಳಗೆ ಸ್ಪೀಕರ್ ಇಟ್ಟು ಅವರ ಗೊರಕೆ ಅವರಿಗೇ ಕೇಳಿಸೋಣ ಅಂತ. ಹಿತ್ತಲಲ್ಲಿ ಇರೋದು ಒಂದೇ ಪ್ಲಗ್ಗು. ಪಂಪಿನ ವಯರು ಕಿತ್ತೆ. ಹತ್ತೇ ನಿಮಿಷ ಅಂತ ಕಿತ್ತೆ ಕಣೇ! ಮೇಷ್ಟ್ರು ಎದ್ದು 'ಯಾರಯ್ಯಾ ಅದು ನನ್ನ ಹಾಗೆ ಗೊರಕೆ ಹೊಡೆಯೋನು' ಅಂತ ಲುಂಗಿ ಹಿಡ್ಕೊಂಡು ಓಡಿಬಂದ್ರು ನೋಡು... ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡು ಬೀದಿಗೆ ಓಡಿದೋನು ನಾನು, ಪಂಪಿನ ವಯರು ಮತ್ತೆ ಚುಚ್ಚಲೇ ಇಲ್ಲ.

ಭಾನುವಾರ ಬೆಳಗ್ಗೆ ವಾಸನೆ ಬಂತು. ನೀರು ಹಾಲಾಗಿತ್ತು. ಕಾಲಪ್ಪ ಡ್ರಮ್ಮಿನ ಗೋಡೆ ಹತ್ತಿ ನೀರಿನ ಅಂಚಿಗೆ ಬಂದಿದ್ದ, ಗಾಳಿ ಬೇಕು ಅಂತ. ಅಲ್ಲೇ ಅಂಟ್ಕೊಂಡಿದ್ದ. ಅವನನ್ನ ದಾಸವಾಳದ ಕುಂಡದಲ್ಲಿ ಹೂಳಿದೆ. ಐದೂ ಕಾಲು ಸೇರಿಸಿ.

ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆ. ಒಂದೊಂದು ಕಲ್ಲನ್ನೂ, ಹಲ್ಲುಜ್ಜೋ ಬ್ರಷ್ಷಲ್ಲಿ. ಕಲ್ಲಿನ ಮೇಲೆ ಆ ನೇರಳೆ ಬಣ್ಣದ ಪಾಚಿ ಇತ್ತಲ್ಲ, ಆರು ವರ್ಷ ನೀನು ಬೆಳೆಸಿದ್ದು, ಅದು... ಬೇಗ ಹೋಗಿಬಿಡುತ್ತೆ ಗೊತ್ತಾ? ಇಷ್ಟು ಬೇಗ ಹೋಗುತ್ತೆ ಅಂತ ನಾನಂದ್ಕೊಂಡಿರಲಿಲ್ಲ. ತಾರಸಿ ಮೇಲೆ ಒಣಗಿಸಿದೆ. ನೋಡು ನನ್ನ ಕೈ. ಸುಲಿದುಹೋಗಿದೆ. ಅಲ್ಲ, ಕನಿಕರ ತೋರಿಸು ಅಂತ ತೋರಿಸ್ತಿಲ್ಲ. ಸುಮ್ಮನೆ ತೋರಿಸಿದೆ.

ಆದ್ರೂ ಒಣಕಲ್ಲೇ ಒಳ್ಳೇದು! ಹೌದು, ಈಗಲೂ ಹೇಳ್ತೀನಿ! ಒಣಕಲ್ಲನ್ನ ಯಾರೂ ಕೊಲ್ಲೋಕಾಗಲ್ಲ. ನನ್ನಂಥ ತಮ್ಮ ಇರೋ ಮನೇಲಿ ಒಣಕಲ್ಲೇ ಇರಬೇಕು!

...ಏನು? ಏನದು ಮೂಗಿನ ಹತ್ರ ಹಿಡೀತೀಯಾ? ಮೂಸಬೇಕಾ? ನಾನಾ?

ಹೂಂ.

ಏನೂ ಇಲ್ಲ ಅಕ್ಕಾ. ಮೊದಲು ಸಮುದ್ರದ ವಾಸನೆ ಬರ್ತಿತ್ತು. ಈಗ ಏನೂ ಇಲ್ಲ.

ಬೈಯೇ ಒಂದು ಸಲ. ಚೀಲದಲ್ಲಿ ಹೊಡಿ. ಹೀಗೆ ಗದ್ದ ಎತ್ತಿ ಬಾಗಿಲು ತೋರಿಸಬೇಡ... ಆ ಬಾಗಿಲಾ? ಡಾಕ್ಟರಮ್ಮನ ರೂಮಾ? ನಾನು ಹೇಳಬೇಕಾ? ಮೂರು ತಿಂಗಳು ಮೀನಿಲ್ಲ ಅಂತ? ಯಾಕಿಲ್ಲ ಅಂತಾನೂ?

ಹೇಳ್ತೀನಿ. ಹೆದರ್ತೀನಿ ಅಂದ್ಕೊಂಡ್ಯಾ? ನೋಡ್ತಾ ಇರು. ಅವರು ಕೆಲಸ ನಿನ್ನ ಕೈಯಿಂದ ಕಿತ್ಕೊಳ್ಳೋ ಹಾಗಿದ್ರೆ ಮೊದಲು ನನ್ನ ಹಲ್ಲು ಕೀಳಲಿ. ಎಲ್ಲಾ ಮೂವತ್ತೆರಡೂ. ಮರಗಟ್ಟಿಸೋ ಇಂಜೆಕ್ಷನ್ನೂ ಬೇಡ. ತಮಾಷೆ ಅಲ್ಲ ಇದು. ನಿಜವಾಗ್ಲೂ... ಹೋಗಲಿ ಬಿಡು, ನಾನು ಹೇಳಿದ್ರೆ ನೀನೆಲ್ಲಿ ನಂಬ್ತೀಯ.

ಹೋಗ್ತಿದ್ದೀನಿ. ಬಾಗಿಲು ತಟ್ಟಿದೆ. ಕೇಳಿಸ್ತಾ? ಮತ್ತೆ ತಟ್ಟಿದೆ.

ಡಾಕ್ಟರಮ್ಮ, ನಾನು. ಹೂಂ, ಹೋದ ವಾರ ನಿಮ್ಮ ಕುರ್ಚಿ ಮೇಲೆ ಪ್ಲಾಸ್ಟಿಕ್ ದವಡೆ ಇಟ್ಟೋನೇ. ಒಂದು ವಿಷಯ ಹೇಳಬೇಕಿತ್ತು. ನಿಮ್ಮ ತೊಟ್ಟಿ ಬಗ್ಗೆ. ಅಕ್ಕನದೇನೂ ತಪ್ಪಿಲ್ಲ, ಅವಳು ಊರಲ್ಲೇ ಇರಲಿಲ್ಲ, ಅದು ಮೊದಲು ಹೇಳಿಬಿಡ್ತೀನಿ. ಆಮೇಲೆ...

ಯಾಕೆ ನಗ್ತೀರಾ? ನಾನಿನ್ನೂ ಏನೂ ಹೇಳೇ ಇಲ್ಲ.