ಏಣಿ ಹಿಡಿದವರು

ಚಂಡಮಾರುತ ಕರಾವಳಿಗೆ ಬಡಿದ ಮೇಲೆ ಅದರ ಗಾಳಿ ಘಟ್ಟ ಹತ್ತಿ ನಮ್ಮ ಕಡೆಗೂ ಬರುತ್ತದೆ ಎಂದು ಹಿಂದಿನ ದಿನದಿಂದಲೇ ಮೊಬೈಲುಗಳಿಗೆ ಎಚ್ಚರಿಕೆ ಬರುತ್ತಿತ್ತು. ಮುತ್ತಿನಕೊಪ್ಪದಾಚೆ, ಗುಡ್ಡದ ನೆತ್ತಿಯಲ್ಲಿರುವ ಕೂಲಿಯವರ ಕಾಲನಿಯ ಮನೆಗಳಿಗೆಲ್ಲ ತಗಡಿನ ಶೀಟು. ಕತ್ತಲಾಗುವ ಮೊದಲೇ ಅವರನ್ನು ಶಾಲೆಗೆ ಕರೆತರುವ ಕೆಲಸ ಪಂಚಾಯಿತಿಯ ನೌಕರನಾದ ನನ್ನದು. ಎಲ್ಲರನ್ನೂ ಕರೆತಂದೆನೆಂದೇ ತಿಳಿದಿದ್ದೆ. ಚಾಪೆ ಹಾಸಿ ಗಂಜಿ ಬಡಿಸುವಾಗ ನೋಡಿದರೆ ರೇಖಾಳ ಗಂಡ ಜಯಪ್ರಕಾಶ್ ಇರಲಿಲ್ಲ. ಶೀಟಿಗೆ ಇನ್ನೊಂದು ಹಗ್ಗ ಬಿಗಿದು ಬರುತ್ತೇನೆಂದು ಹಿಂದೆ ಉಳಿದನಂತೆ. ರೇಖಾ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೂ ಗೋಡೆಗೂ ಓಡಾಡುತ್ತಿದ್ದಳು. ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಗಾಳಿ ಕಿಟಕಿಗಳನ್ನು ಅಲುಗಾಡಿಸುತ್ತಿತ್ತು.

ಹೇಗೋ ಅವನ ಫೋನು ಸಿಕ್ಕಿತು. ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿಟ್ಟಳು.

"ಬರ್ತೀನಿ ಮಾರಾಯ್ತಿ," ಎಂದ ಜಯಪ್ರಕಾಶ್. "ಮೇಲೆ ಹಗ್ಗ ಬಿಗೀತಿದಾರೆ, ನಾನು ಕೆಳಗೆ ಏಣಿ ಹಿಡ್ಕಂಡಿದೀನಿ. ಇಳಿದ ತಕ್ಷಣ ಬರ್ತೀನಿ."

ಮೇಲಿರುವುದು ಯಾರೆಂದು ಅವಳು ಕೇಳುವಷ್ಟರಲ್ಲಿ ಟವರ್ ಹೋಯಿತು. ಹಿಂದೆಯೇ ಕರೆಂಟೂ ಹೋಯಿತು. ಮೇಣದಬತ್ತಿ ಹಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಲನಿಯ ಉಳಿದ ಗಂಡಸರೆಲ್ಲ ಅಲ್ಲೇ ಕೂತಿದ್ದರು.

ನಾನು ಟಾರ್ಚ್ ಎತ್ತಿಕೊಂಡೆ. ಕೈ ಹಿಡಿದು ಎಳೆದಾದರೂ ಅವನನ್ನು ಕರೆತರುತ್ತೇನೆ ಎಂದೆ.

"ಎಳೆಯೋನು ಮೊದ್ಲು ಇಲ್ಲಿ ಕೇಳು," ಎಂದಳು ಕಾಲನಿಗೆಲ್ಲ ಹಿರಿಯಳಾದ ಯಮುನಮ್ಮಜ್ಜಿ. ಅವಳು ಗೋಡೆಗೆ ಒರಗಿ, ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಳು. ಎಲ್ಲರೂ ಚಾಪೆಗಳನ್ನು ಅವಳ ಹತ್ತಿರ ಎಳೆದುಕೊಂಡರು. ನಾನು ಬಾಗಿಲಲ್ಲಿ ನಿಂತೇ ಕೇಳಿದೆ.

"ನನ್ನ ಮೈದುನ ಬೂತಪ್ಪ ಇದ್ನಲ್ಲ... ಅವನಂಗೆ ಶೀಟಿನ ಮೇಲೆ ಓಡಾಡೋನು ಈ ಸೀಮೇಲಿ ಇನ್ನೊಬ್ಬ ಇರ್ಲಿಲ್ಲ. ಮಂಗ ಜಾರಿದ್ರೂ ಬೂತಪ್ಪ ಜಾರಲ್ಲ ಅಂತ ತಮಾಷೆ ಮಾಡೋರು. ಆದ್ರೆ ಏಣಿ ಹತ್ತೋ ಮುಂಚೆ ಕೆಳಗಿದ್ದೋನಿಗೆ ಒಂದು ಮಾತು ಹೇಳದೆ ಹತ್ತೋನಲ್ಲ, 'ನಾನು ಬಿಡು ಅನ್ನೋ ತನಕ ಬಿಡಬೇಡ' ಅನ್ನೋನು. ಇಳಿದು ಎರಡು ಕಾಲೂ ನೆಲಕ್ಕೆ ಊರಿದ ಮೇಲೇ 'ಬಿಡು ಮಾರಾಯ' ಅಂತ ಬೆನ್ನು ತಟ್ಟೋನು. ಮೇಲಿದ್ದೋನ ಜೀವ ಕೆಳಗಿದ್ದೋನ ಕೈಯಲ್ಲಿ ಅಲ್ವಾ?

"ಇಂಥದೇ ಒಂದು ಗಾಳಿ ಬರೋ ದಿನ... ಬೆಳಗಿಂದ ಎಲ್ಲರ ಮನೆ ಮೇಲೂ ಹತ್ತಿ, ಗೊಬ್ಬರದ ಚೀಲಕ್ಕೆ ಮರಳು ತುಂಬಿ ಹೇರಿ, ಹಗ್ಗ ಅಡ್ಡ ಹಾಯಿಸಿ ಗೂಟಕ್ಕೆ ಬಿಗಿದ. ಅವನ ಜೊತೆಗಾರ ಮಹೇಶ್ವರ ಏಣಿ ಹಿಡಿಯೋನು. ಕೊನೆಗೆ ಉಳಿದಿದ್ದು ಮಹೇಶ್ವರನದೇ ಮನೆ. ಗಾಳಿ ಹೇಳಿ ಕೇಳಿ ಬರ್ತದಾ? ಮನೆ ಹಿಂದೆ ಗುಡ್ಡ ಕಡಿದ ದರೆ ಮೇಲಿನ ಹೊನ್ನೆ ಮರ ಲಟಲಟ ಅಂತು ನೋಡ್ರಿ... ಮಹೇಶ್ವರ ಏಣಿ ಬಿಟ್ಟು ಓಡಿದ. ತಪ್ಪು ಅಂತ ನಾನು ಹೇಳಲ್ಲ. ಜೀವ ಯಾರಿಗೆ ಬೇಡ? ಮರ ಆಚೆಗೆ ಬಿತ್ತು, ಏಣಿ ಈಚೆಗೆ ಬಿತ್ತು. ಬೂತಪ್ಪ ಬೆನ್ನು ಮುರ್ಕಂಡು ಅದೇ ಅಂಗಳದಲ್ಲಿ ಹೋದ."

ಗಾಳಿಯ ಸದ್ದು ಒಮ್ಮೆ ದೂರ ಹೋಗಿ ಮತ್ತೆ ಹತ್ತಿರ ಬಂತು.

"ಮರುವರ್ಷ ಮತ್ತೊಂದು ಗಾಳಿ ಬರ್ತದೆ ಅಂದ್ರು. ಎಲ್ರೂ ಶೀಟು ಕಟ್ಟಿದ್ರು, ಮಹೇಶ್ವರ ಕಟ್ಟಲಿಲ್ಲ. ಏಣಿ ಹತ್ರಾನೇ ಹೋಗ್ತಿರ್ಲಿಲ್ಲ ಅವನು. ಸಂಜೆ ನಾನು ಪಕ್ಕದ ಜಗಲೀಲಿ ಕೂತಿದ್ದೆ... ಸುಳ್ಳು ಹೇಳಿ ನನಗೆ ಎಂತ ಆಗಬೇಕು?... ಅವನ ಶೀಟಿನ ಮೇಲೆ ಯಾರೋ ನಡೆಯೋ ಸದ್ದು. ಹೆಜ್ಜೆ ಇಟ್ಟಲ್ಲಿ ತಗಡು ತಗ್ಗತದೆ, ತೆಗೆದಲ್ಲಿ ಏಳ್ತದೆ, ಹಗ್ಗ ತಂತಾನೇ ಬಿಗೀತದೆ... ಮೇಲೆ ನೋಡಿದ್ರೆ ಯಾರೂ ಇಲ್ಲ. ಏಣಿ ಮಾತ್ರ ಗೋಡೆಗೆ ಒರಗಿ ನಿಂತದೆ. ಆಮೇಲೆ ಮೇಲಿಂದ, ದಿನಾ ಕೇಳಿದ ದನಿ, ಸಿಟ್ಟಿಲ್ಲ ಸೆಡವಿಲ್ಲ... 'ಏಣಿ ಹಿಡ್ಕ ಮಹೇಶ್ವರಾ' ಅಂತು.

"ಹೋಗಿ ಹಿಡ್ಕಂಡ. ಹೆಂಡ್ತಿ ಅಂಬಿಕಾ ಬೇಡ ಅಂತ ಕಾಲಿಗೆ ಬಿದ್ಲು. 'ಈ ಸಲ ಬಿಡಲ್ಲ' ಅಂದ, ಅಷ್ಟೇ. ಗಾಳಿ ಬಂತು. ನಮ್ಮ ಶೀಟೆಲ್ಲ ಹಪ್ಪಳದಂಗೆ ಹಾರಿ ಹೋದ್ವು, ಅವನದ್ದು ಒಂದು ಮೊಳೆ ಅಲ್ಲಾಡ್ಲಿಲ್ಲ. ಅಂಬಿಕಾ ತಡೀಲಾರ್ದೆ ಹೋಗಿ ಅವನ ಬೆರಳು ಒಂದೊಂದೇ ಬಿಡಿಸಿ, ಸೊಂಟ ಹಿಡಿದು ಎಳೆದ್ಲು... ಗಂಡನ್ನ ಉಳಿಸ್ಕಳಕ್ಕೆ ಎಳೆದ್ಲು. ಏಣಿ ಜಾರ್ತು. ಧೊಪ್ ಅಂತ ಬಿದ್ದ ಸದ್ದು ನಾನೂ ಕೇಳಿದೆ. ಮೇಲಿಂದ ಎಂತದೂ ಬಿದ್ದಿರ್ಲಿಲ್ಲ. ನೆಲದ ಮೇಲೆ ನಿಂತಿದ್ದೋನು, ಹೆಂಡ್ತಿ ತೋಳಲ್ಲಿದ್ದೋನು, ಮಹೇಶ್ವರ... ಅವನ ಬೆನ್ನು ಮುರಿದು ಜೀವ ಹೋಗಿತ್ತು. ಎತ್ತರದಿಂದ ಬಿದ್ದಿದಾನೆ ಅಂದ್ರು ಡಾಕ್ಟ್ರು. ಎಲ್ಲಿಂದ ಬಿದ್ದ? ನೀವೇ ಹೇಳ್ರಿ."

ರೇಖಾ ಈಗ ಓಡಾಡುವುದನ್ನು ಬಿಟ್ಟು ನಿಂತಿದ್ದಳು.

"ಅದಾದ ಮೇಲಿನ ಗಾಳೀಲಿ ಆ ದನಿ ರಾಜಶೇಖರನ್ನ ಕರೀತು. ಇಲ್ಲೇ ಕೂತಿದಾನೆ, ಬೇಕಾದ್ರೆ ಕೇಳ್ರಿ." ರಾಜಶೇಖರ್ ತನ್ನ ಅಂಗೈ ನೋಡಿಕೊಂಡು ಕೂತಿದ್ದ, ತಲೆ ಎತ್ತಲಿಲ್ಲ. "ಇವನ ಹತ್ರ ಯಾರೂ ಹೋಗದಂಗೆ ನಾನೇ ದಾರಿಗೆ ಅಡ್ಡ ಕೂತೆ. ಇವನ ಹೆಂಡ್ತಿ ಕುಸುಮಾ ನನ್ನ ಬೈದ್ಲು, ಹೊಡೆದ್ಲು, ನಾನು ಏಳಲಿಲ್ಲ. ಗಾಳಿ ಇಳಿದ ಮೇಲೆ, ಬಿಡು ಅನ್ನಿಸ್ಕಂಡು, ಜೀವಂತ ನಡ್ಕಂಡು ಬಂದ."

"ನಾವು ಈ ಊರಿಗೆ ಬಂದು ವರ್ಷಾನೂ ಆಗಿಲ್ಲಜ್ಜಿ," ಎಂದಳು ರೇಖಾ. "ಅವ್ರಿಗೆ ಇದ್ಯಾವುದೂ ಗೊತ್ತಿಲ್ಲ. ನಾನು ಹೆದರ್ತೀನಿ ಅಂತ ಏಣಿ ಬಿಟ್ಟು ಓಡಿ ಬಂದ್ರೆ?"

ಫೋನು ಇನ್ನೂ ಸತ್ತೇ ಇತ್ತು. ಯಾರಾದರೂ ಹೋಗಿ ಅವನಿಗೆ ಹೇಳಬೇಕಿತ್ತು. ಕತೆಯನ್ನು ನಂಬಿದೆನೋ ಇಲ್ಲವೋ ಈಗಲೂ ಹೇಳಲಾರೆ. ಆದರೆ ಅವನನ್ನು ಗುಡ್ಡದ ಮೇಲೆ ಬಿಟ್ಟು ಬಂದವನು ನಾನು. ಚಿಲಕ ತೆಗೆದೆ. ಮಳೆ ಮುಖಕ್ಕೆ ಹೊಡೆಯಿತು.

"ಹೋಗು ಮಗಾ," ಎಂದಳು ಯಮುನಮ್ಮಜ್ಜಿ ಹಿಂದಿನಿಂದ. "ಎಳೀಬೇಡ. ಏಣಿಯ ಇನ್ನೊಂದು ಕಾಲು ನೀನು ಹಿಡ್ಕ, ಬಿಡಬೇಡ ಅಂತ ಅವನಿಗೆ ಮೆಲ್ಲಗೆ ಹೇಳು. ಗಾಳಿ ಇಳಿದ ಮೇಲೆ ಬೂತಪ್ಪ ಬೆನ್ನು ತಟ್ಟಿ ಬಿಡು ಅಂತಾನೆ... ಆಗ್ಲೂ ಬಿಡಬೇಡ. ಇನ್ನೊಂದು ಕೈ ಬಂದು ತಟ್ಟೋ ತನಕ ಹಿಡ್ಕಂಡಿರು. ಮಹೇಶ್ವರ ನಿಧಾನ ಮಾಡ್ತಾನೆ... ಅವನಿಗೆ ಏಣಿ ಹಿಡಿದು ಗೊತ್ತೇ ಹೊರ್ತು ಇಳಿದು ಗೊತ್ತಿಲ್ಲ."