ಕೊರ್ಲಹಳ್ಳಿ ಆಟ

...ಮುಟ್ಟಬ್ಯಾಡ್ರಿ ಕೊಟ್ರೇಶಣ್ಣ, ಮುಟ್ಟಬ್ಯಾಡ್ರಿ! ಮೊದಲ ಸಾಯಾಕ ಬಿದ್ದೈತಿ, ನೀವೊಂದೀಟು ಅಲುಗಾಡಿಸಿದ್ರ ಆತು. ಕಿವಿ ಕೊಟ್ಟು ಕೇಳ್ರಿ... ಟಿಕ್... ಟಿಕ್... ಕೇಳಿಸ್ತೇನ್ರಿ? ಹಾರ್ಡ್ ಡಿಸ್ಕಿನೊಳಗ ಓದೂ ಮುಳ್ಳು ಇರ್ತೈತಲ್ಲ, ಅದು ಜಾಗಾ ಸಿಗಲಾರದ ಬಡಕೊಳ್ಳೂ ಸಪ್ಪಳ. ಕಂಪ್ಯೂಟರಿಗೆ ಹಚ್ಚಿದ್ರ ಹೆಸರೂ ತೋರಿಸವಲ್ದು. ನಿಮ್ಮ ಡಿಸ್ಕ್ ಮುಂದ ಮೂರು ದಿನಾ ಕುಂತ್ನಿ. ಒಂದಂದ್ರ ಒಂದು ಫೈಲ್ ಬರಲಿಲ್ಲ.

ಹಂಗ್ಯಾಕ ನೋಡ್ತೀರಿ? ಕುಂಡ್ರಿ, ಕುಂಡ್ರಿ. ಲಕ್ಷ್ಮೇಶ್ವರದಿಂದ ಮುಂಡರಗಿ ತನಕಾ ಬಸ್ಸಿನ್ಯಾಗ ನಿಂತು ಬಂದೀರಿ.

ಏನಂದ್ರಿ? ಮಂದಿ ಮದುವಿ ವಿಡಿಯೋ ಹೋದ್ರ ಹೋಗ್ಲಿ, ಮಗಳು ಸುಶ್ಮಿತಾಂದು ಅಷ್ಟ ಬೇಕು? ಗೊತ್ತೈತ್ರಿ. ನಾಕು ವರ್ಷದ ಕೂಸು, ಎರಡು ದಿನದ ಜ್ವರದಾಗ ಹೋತು. ಕೇಳಿ ನನಗೂ ಊಟಾ ಸೇರಲಿಲ್ಲ, ಖರೆ ಹೇಳ್ತೀನಿ. ಆದ್ರ ಒಂದು ಮಾತು ಕೇಳ್ಲ್ಯಾ? ನಮ್ಮಪ್ಪನ ಮಣ್ಣಿಗೆ ನೀವ್ಯಾಕ ಬರಲಿಲ್ಲ?

ಯಾವ ಅಪ್ಪ ಅಂದ್ರ! ಗೋಣೆಪ್ಪ! ಹತ್ತೂರಿಗೆ ದೊಡ್ಡಾಟದ ರಾಜ ಅನ್ನಿಸಿಕೊಂಡಾಂವ. ಕೊರ್ಲಹಳ್ಳಿಯೊಳಗ ಕಡೀ ಸಲ ಕಿರೀಟ ಕಟ್ಟಿದ, ಬೆಳತನಕ ಕುಣಿದ. ಕ್ಯಾಮೆರಾ ಹಿಡಿದಾವ್ರು ನೀವ. "ಕಾಕಾ, ನಾಳೆ ಕೊಡ್ತೀನಿ" ಅಂದಾವ್ರೂ ನೀವ. ನಾಳೆ! ಮೂರು ವರ್ಷ ಬರೀ ನಾಳೆ! "ಸುಭಾಷಾ, ಕೊಟ್ರೇಶ ಬಂದ್ನೇನೋ" ಅಂತ ದಿನಾ ಕೇಳಾಂವ. ಲಕವಾ ಹೊಡದು ನಾಲಿಗಿ ಬಿದ್ದಮ್ಯಾಲೂ ಬಿಡಲಿಲ್ರಿ... ತಲಿ ಮ್ಯಾಲೆ ಕೈ ಇಟ್ಟು ಕಿರೀಟ ತೋರಿಸಾಂವ, ಆಮ್ಯಾಲೆ ಬಾಗಲಾ ತೋರಿಸಾಂವ. ಹಂಗ ಬಾಗಲಾ ನೋಡ್ಕೊಂತ ಹೋದ. ಆವತ್ತಿನ ಹೊಟ್ಟಿಉರಿ ನಂದು ಇನ್ನೂ ಆರಿಲ್ಲ.

ಈಗ ಗೊತ್ತಾತೇನ್ರಿ? ಸತ್ತವರ ದನಿ ಸಲುವಾಗಿ ಇನ್ನೊಬ್ಬರ ಬಾಗಲದಾಗ ಕುಂಡ್ರೂದು ಹೆಂಗಿರ್ತೈತಿ ಅಂತ ಗೊತ್ತಾತೇನು? ಮಾಡಿದ್ದುಣ್ಣೋ ಮಹಾರಾಯ! ...ಅಳಬ್ಯಾಡ್ರಿ. ಅಳಬ್ಯಾಡ್ರಿ ಅಂದ್ನಲ್ಲ! ನಮ್ಮವ್ವ ಸಾವಿತ್ರೆವ್ವನೂ ಅತ್ತಾಳ, ಆವಾಗ ನೀವು ಫೋನ್ ಸೈತ ಎತ್ತಲಿಲ್ಲ.

ಏನು ನೋಡಾಕ ಹತ್ತೀರಿ? ಆ ಕಡೆ ಏನೂ ಇಲ್ರಿ, ಅದು ನನ್ನ ಕಂಪ್ಯೂಟರ್, ನನ್ನ ಕೆಲಸ... ಓ. ಪಡದೆ ಮ್ಯಾಲಿನ ಹೆಸರು ಓದಿದ್ರಿ. ‘ಕೊರ್ಲಹಳ್ಳಿ ಆಟ’.

ಆತು. ಸುಳ್ಳು ಹೇಳಿದ್ನಿ, ಹೌದು! ಮೊದಲನೇ ದಿನ ಡಿಸ್ಕ್ ಚಲೋ ತೆರಕೊಂತು. ಮದುವಿ, ಕುಬಸಾ, ‘ಕೊಡೂದು’, ‘ಕೊರ್ಲಹಳ್ಳಿ ಆಟ’ ಅಂತ ಫೋಲ್ಡರಿಗೆ ನೀವ ಇಟ್ಟ ಹೆಸರು, ಒಳಗಿನ ಫೈಲಿಗೆ ಬರೀ ನಂಬರ. ಹಿಂತಾ ಡಿಸ್ಕಿಗೆ ಉಸಿರು ಇರೂದ ಇಷ್ಟು. ಯಾವುದು ಮೊದಲು ತಗೀತೀವಿ, ಅದ ಉಳಿತೈತಿ. ನಾ ನಮ್ಮಪ್ಪನ್ನ ತಗದ್ನಿ! ಎರಡು ದಿನಾ ತೊಟ್ಟು ತೊಟ್ಟು ಇಳೀತು.

ಆಮ್ಯಾಲೆ? ಆಮ್ಯಾಲೆ ಇನ್ನೂ ಜೀವ ಇತ್ರಿ ಅದಕ್ಕ. ನಿಮ್ಮ ಮಗಳು ಆ ಉಳಿದಿದ್ದರಾಗ ಅದಾಳ ಅಂತ ಗೊತ್ತಿದ್ದೂ ತಗೀಲಿಲ್ಲ. ಬೇಕಂತಲೇ ಹಚ್ಚೂದು, ಕೀಳೂದು, ಹಚ್ಚೂದು, ಕೀಳೂದು... ಟಿಕ್ ಅನ್ನೂತನಕ ಬಿಡಲಿಲ್ಲ. ಹೊಡೀರಿ ಬೇಕಾದ್ರ. ಹೊಡೀರಿ!

ಇರ್ರಿ, ನಿಮ್ಮ ಮುಂದ ತಗೀತೀನಿ. ನಾನೂ ಇನ್ನೂ ನೋಡಿಲ್ಲ. ಒಬ್ಬನ ಕುಂತು ಅಪ್ಪನ ಮಾರಿ ನೋಡಾಕ ಧೈರ್ಯ ಬರಲಿಲ್ಲ. ಮತ್ತ... ನಂದು ಉಳಿದೈತಿ, ನಿಮ್ಮದು ಹೋಗೇತಿ ಅಂತ ನೀವು ಕಣ್ಣಾರೆ ನೋಡಬೇಕಿತ್ತು. ಈಗ ಕೇಳ್ರಿ ಗೋಣೆಪ್ಪ ರಾಜನ ದನಿ!

...ಇದೇನಿದು? ಹೊಳಿ ದಂಡಿ. ಹೌದು, ಕೊರ್ಲಹಳ್ಳಿ ಹೊಳಿನ. ವೇಷ ಎಲ್ಲೈತಿ? ಈ ಕೂಸು ಯಾರದು, ಒಂಟಿಗಾಲಿಲೆ ಜಿಗದು ಕುಂಟಲಿಪಿ ಆಡಾಕ ಹತ್ತೇತಿ... "ಅಪ್ಪಾ, ನನ್ನ ಆಟ ನೋಡಪಾ" ಅಂತೈತಿ...

ಸುಶ್ಮಿತಾ?

ಏನಂದ್ರಿ, ನಿಮ್ಮ ಹೆಂಡ್ತಿ ತವರುಮನಿ ಕೊರ್ಲಹಳ್ಳಿನ? ನನಗೇನು ಗೊತ್ತಿತ್ರಿ! ಇರ್ರಿ, ಇನ್ನೊಂದು ತಗೀತೀನಿ. ಇದೂ ಆಕೀದ. ಇದೂ... ಉಸುಕಿನ್ಯಾಗ ಮನಿ ಕಟ್ಟೂದು... ಎಲ್ಲಾ ಆಕೀದ! ಹುಡುಗೂರು ಆಡೂದಕ್ಕ ಹಿಂಗ ‘ಆಟ’ ಅಂತ ಹೆಸರಿಡ್ತಾರೇನ್ರಿ? ನಮ್ಮನಿಯೊಳಗ ಆಟ ಅಂದ್ರ ಒಂದ... ನಮ್ಮಪ್ಪಂದು.

ಪಡದೆ ಮುಟ್ಟಬ್ಯಾಡ್ರಿ... ಆತು, ಮುಟ್ರಿ. ಮುಟ್ರಿ ಕೊಟ್ರೇಶಣ್ಣ, ನಿಮ್ಮ ಕೂಸು.

ಆದ್ರ... ಅಪ್ಪಂದು ಎಲ್ಲಿತ್ತು? ಅಳಿಸಿಬಿಟ್ಟಿದ್ರೇನು? ಅಳಿಸಿದ್ನಿ ಅನ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಯಾವಾಗೋ ಅಳಿಸಿದ್ನಿ ಅಂದುಬಿಡ್ರಿ! ...ಆ ಇನ್ನೊಂದು ಇತ್ತಲ್ಲ, ‘ಕೊಡೂದು’ ಅಂತ. ಯಾರದೋ ಮದುವಿ ಕೊಡೂದು ಉಳಿದಿರಬೇಕು ಅಂತ ನಕ್ಕು, ತಗೀಲಾರದ ಬಿಟ್ನಿ ನಾನು.

ಅದರಾಗ ಏನಿತ್ರಿ?

ಹಂಗ ನನ್ನ ಮಾರಿ ನೋಡಬ್ಯಾಡ್ರಿ... ಬಾಯಿಬಿಟ್ಟು ಹೇಳ್ರಿ. ಅದು ಯಾರಿಗೆ ಕೊಡೂದಿತ್ತು?