ಲಾರಿಯವನ ಕೈಸನ್ನೆ

ನೋಡಿ, ಒಂದು ಪಟ್ಟಣದಲ್ಲಿ ಒಬ್ಬ ಶ್ರೀಮಂತ. ಮನೆಗೆ ಮೂರು ಬೀಗ, ಮನಸ್ಸಿಗೆ ಆರು. ಹಾಲಿನವನ ಮೇಲೆ ಅನುಮಾನ, ಅಳಿಯನ ಮೇಲೆ ಅನುಮಾನ. ದೇವರಿಗೆ ಕೈಮುಗಿಯುವಾಗಲೂ ಒಂದು ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ. ಯಾಕೆ ನಗುತ್ತೀರಿ? ನಿಮ್ಮ ಕಣ್ಣು ಈಗ ಎಲ್ಲಿದೆ?

ಇಂಥವನು ಮುದಿ ತಾಯಿಯನ್ನು ಹಿಮಾಲಯದ ಯಾತ್ರೆಗೆ ಕರೆದುಕೊಂಡು ಹೊರಟ. ಡ್ರೈವರನ್ನು ನಂಬುವುದುಂಟೇ? ತಾನೇ ಕಾರು ಓಡಿಸಿದ. ಮೇಲೆ, ಹಿಮದ ಹತ್ತಿರ, ಗಾಳಿ ತೆಳುವಾಗಿ ತಾಯಿಗೆ ಉಸಿರು ಕಟ್ಟತೊಡಗಿತು. "ಬೇಗ ಕೆಳಗಿಳಿಸಿ, ಇಳಿದರೆ ಸರಿಹೋಗ್ತಾರೆ" ಎಂದರು ಅಲ್ಲಿಯವರು.

ಇಳಿಯುವ ದಾರಿ ಕಿರಿದು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ, ಮುಂದೆ ನಿಧಾನವಾಗಿ ಒಂದು ಲಾರಿ. ಬೆಟ್ಟದ ದಾರಿಯಲ್ಲಿ ಒಂದು ಪದ್ಧತಿಯಿದೆ. ತಿರುವಿನಾಚೆ ಏನಿದೆಯೆಂದು ಮುಂದಿರುವ ಲಾರಿಯವನಿಗೆ ಮೊದಲು ಕಾಣುತ್ತದೆ. ದಾರಿ ಖಾಲಿಯಿದ್ದರೆ ಕಿಟಕಿಯಿಂದ ಕೈ ಚಾಚಿ, ಹೋಗು ಎಂದು ಬೀಸುತ್ತಾನೆ. ಎದುರಿಗೆ ಗಾಡಿಯಿದ್ದರೆ ಅಂಗೈ ತೋರಿಸಿ ತಡೆಯುತ್ತಾನೆ.

ಲಾರಿಯವನು ಕೈ ಬೀಸಿದ. ಶ್ರೀಮಂತ ಹೋದನೇ? ಹೋಗಲಿಲ್ಲ. "ಗುರುತು ಪರಿಚಯ ಇಲ್ಲದವನಿಗೆ ನನ್ನ ಮೇಲೆ ಯಾಕಪ್ಪಾ ಇಷ್ಟು ಪ್ರೀತಿ? ಏನೋ ಸಂಚಿದೆ!" ಮತ್ತೆ ಬೀಸಿದ. ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ತಾಯಿಯ ತುಟಿ ನೀಲಿಯಾಗುತ್ತಿದೆ, ಆಗಲೂ ಹೋಗಲಿಲ್ಲ!

ಮುಂದಿನ ತಿರುವಿನಲ್ಲಿ ಅಂಗೈ ಕಾಣಿಸಿತು. ಈಗ ನೋಡಿ ಅನುಮಾನದ ಬುದ್ಧಿ: "ತಡೀತಿದ್ದಾನೆ ಅಂದ್ರೆ ದಾರಿ ಖಾಲಿ ಇದೆ!" ಕಾರು ನುಗ್ಗಿಸಿಯೇ ಬಿಟ್ಟ. ಎದುರಿಗೆ ಬಸ್ಸು!

ಲಾರಿಯವನು ತನ್ನ ಗಾಡಿಯನ್ನು ಬಂಡೆಗೆ ಉಜ್ಜಿ ನಡುವೆ ಜಾಗ ಬಿಟ್ಟ. ಕಾರು ಹೇಗೋ ತೂರಿಕೊಂಡಿತು. ಶ್ರೀಮಂತ ಕಾರು ನಿಲ್ಲಿಸಿ, ಇಳಿದು ಬಂದು ಲಾರಿಯವನನ್ನು ಏನು ಕೇಳಿದ ಗೊತ್ತೇ? "ನನ್ನನ್ನ ಯಾಕೆ ಉಳಿಸಿದೆ? ಏನು ಬೇಕು ನಿನಗೆ?"

ಲಾರಿಯವನು ಬಾಯಿ ತೆರೆಯುವ ಮೊದಲೇ ತಾಯಿ ಏದುಸಿರಿನಲ್ಲಿ ಹೇಳಿದಳು: "ಅವನಿಗೇನೂ ಬೇಡ ಮಗಾ. ನನಗೆ ಉಸಿರು ಬೇಕು. ಗಾಡಿ ಓಡ್ಸು."

ತಾಯಿ ಉಳಿದಳು. ಆದರೆ ಮತ್ತೆಂದೂ ಮಗನ ಕಾರು ಹತ್ತಲಿಲ್ಲ.

'ಕಥೆ ಮುಗಿಯಿತು, ಇನ್ನು ಸ್ವಾಮಿಗಳು ಮಠಕ್ಕೆ ಏನೋ ಕೇಳುತ್ತಾರೆ' ಎಂದುಕೊಂಡಿರಲ್ಲವೇ? ಮುಖ ನೋಡಿದರೆ ತಿಳಿಯುತ್ತದೆ! ಏನೂ ಕೇಳುವುದಿಲ್ಲ. ತಮ್ಮ ಫೋನ್ ಮಾಡಿದರೆ 'ಏನು ಕಿತಾಪತಿಯೋ' ಎನ್ನುತ್ತೀರಿ. ಸೊಸೆ ಮಜ್ಜಿಗೆ ತಂದರೆ "ಇವತ್ತೇನು ವಿಶೇಷ?" ಎನ್ನುತ್ತೀರಿ. ಇದನ್ನು ಜಾಣತನ ಎಂದುಕೊಂಡಿದ್ದೀರಿ. ನಿಮ್ಮ ಈ ಜಾಣತನದಿಂದ ಮನೆಯಲ್ಲಿ ಯಾರಿಗೆ ಉಸಿರು ಕಟ್ಟುತ್ತಿದೆ, ಒಮ್ಮೆಯಾದರೂ ತಿರುಗಿ ನೋಡಿದ್ದೀರಾ?

ಇವತ್ತು ಮನೆಗೆ ಹೋಗಿ, ಸೊಸೆ ಕೊಟ್ಟ ಮಜ್ಜಿಗೆಯನ್ನು ಏನೂ ಕೇಳದೆ ಕುಡಿಯಿರಿ. "ಚೆನ್ನಾಗಿದೆಯಮ್ಮಾ" ಎನ್ನಿ. ಅವಳು ಅನುಮಾನದಿಂದ ನಿಮ್ಮನ್ನೇ ನೋಡುತ್ತಾಳೆ. ನೋಡಲಿ, ಅದನ್ನು ಕಲಿಸಿದವರು ನೀವೇ. ನಾಳೆಯೂ ಹೇಳಿ. ಅವಳು ನಂಬುವವರೆಗೂ ಹೇಳಿ.